ಸಿಎಎಚ್ ಇರುವ ಮಗಳು ಮೈನೆರೆಯುವ ವಯಸ್ಸಿಗೆ ಬಂದಾಗ

ಠಾಣೆಯ ತಾಯಿ: ಮಗಳಿಗೆ ಹುಟ್ಟಿನಿಂದಲೇ ಸಿಎಎಚ್ (ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಆನುವಂಶಿಕ ಕಾಯಿಲೆ), ಕಾರ್ಟಿಸಾಲ್ ಹಾರ್ಮೋನು ತಯಾರಿಸಲು ಬೇಕಾದ 21-ಹೈಡ್ರಾಕ್ಸಿಲೇಸ್ ಕಿಣ್ವದ ಕೊರತೆ. ಈಗ ಹನ್ನೊಂದು ವರ್ಷ. ಮುಖದ ತುಂಬ ಮೊಡವೆ, ಮೇಲ್ದುಟಿಯ ಮೇಲೆ ಕೂದಲು. ‘ಇವಳು ದೊಡ್ಡವಳಾಗುತ್ತಾಳೋ ಇಲ್ಲವೋ’ ಎಂದು ಅತ್ತೆಯವರಿಗೆ ದಿನವೂ ಚಿಂತೆ. ಅನುಭವ ಇರುವವರು ಹೇಳಿ.

ಡೊಂಬಿವಲಿಯಿಂದ: ಮೊದಲು ಅತ್ತೆಯವರಿಗೆ ಹೇಳಿ, ಈ ಮಕ್ಕಳಿಗೆ ಗರ್ಭಕೋಶ, ಅಂಡಾಶಯ ಎರಡೂ ಇರುತ್ತವೆ. ಕಾರ್ಟಿಸಾಲ್ ಸಾಲದೆ ಹೋದಾಗ ಅಡ್ರಿನಲ್ ಗ್ರಂಥಿ ಗಂಡು ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಮೊಡವೆ, ಕೂದಲು, ತಡವಾಗುವ ಮುಟ್ಟು ಎಲ್ಲಕ್ಕೂ ಅದೇ ಮೂಲ. ಮೈನೆರೆಯುವ ವಯಸ್ಸಿನಲ್ಲಿ ದೇಹ ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಮಾತ್ರೆಯನ್ನು ಬೇಗ ಹೊರಹಾಕುತ್ತದೆ, ಮಗುವೂ ಬೆಳೆದಿರುತ್ತದೆ. ಹಾಗಾಗಿ ಹಳೆಯ ಪ್ರಮಾಣ ಸಾಲದಿರಬಹುದು. ನನ್ನ ಮಗಳಿಗೆ ಆದದ್ದೂ ಇದೇ. ಮನೆ ಹತ್ತಿರದ ವೈದ್ಯರೊಬ್ಬರು ಪಿಸಿಓಡಿ (ಅಂಡಾಶಯದ ತೊಂದರೆ) ಎಂದುಬಿಟ್ಟಿದ್ದರು! 17-ಓಎಚ್‌ಪಿ, ಆಂಡ್ರೋಸ್ಟೀನ್‌ಡಯೋನ್ ಎಂಬ ಹಾರ್ಮೋನುಗಳ ರಕ್ತಪರೀಕ್ಷೆ, ಮೂಳೆಯ ವಯಸ್ಸು ತಿಳಿಯಲು ಎಡಗೈ ಎಕ್ಸ್‌ರೇ ಆದ ಮೇಲೆ ಎಂಡೋಕ್ರೈನ್ (ಹಾರ್ಮೋನು) ತಜ್ಞರು ಪ್ರಮಾಣ ಬದಲಿಸಿದರು. ನೀವಾಗಿ ಮಾತ್ರೆ ಹೆಚ್ಚಿಸಬೇಡಿ. ಅತಿಯಾದರೆ ಎತ್ತರ ಕುಂಠಿತವಾಗುತ್ತದೆ, ಮೈ ಊದುತ್ತದೆ. ಜ್ವರ ಬಂದಾಗ ಎರಡು ಮೂರು ಪಟ್ಟು ಕೊಡುವುದು ಬೇರೆ ಮಾತು, ಅದನ್ನು ವೈದ್ಯರಿಂದ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಕ್ಷಣ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕು. ಶಾಲೆಯ ಪರೀಕ್ಷೆಯ ಭಯಕ್ಕೆ ಹೆಚ್ಚುವರಿ ಮಾತ್ರೆ ಬೇಕಿಲ್ಲ, ಎಷ್ಟೋ ತಾಯಂದಿರು ಕೊಟ್ಟುಬಿಡುತ್ತಾರೆ.

ಪುಣೆಯ ಕೋಥ್ರೂಡ್‌ನಿಂದ: ಅಕ್ಕಾ, ನನಗೇ ಈ ಕಾಯಿಲೆ ಇದೆ, ಒಬ್ಬ ಮಗನಿದ್ದಾನೆ. ಊರಿನಲ್ಲಿ ನನ್ನನ್ನು ಸೋದರಮಾವನಿಗೆ ಕೊಡುವ ಮಾತಿತ್ತು, ನಾನು ಒಪ್ಪಲಿಲ್ಲ. ಒಂದೇ ರಕ್ತದಲ್ಲಿ ಅದೇ ದೋಷಯುಕ್ತ ಜೀನ್ ಇರುವ ಸಂಭವ ಹೆಚ್ಚು. ಗಂಡ ವಾಹಕನಾಗಿದ್ದರೆ (ಕಾಯಿಲೆ ಇಲ್ಲದೆ ಅಂಥ ಒಂದು ಜೀನ್ ಇದ್ದರೆ) ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 50. ಆದ್ದರಿಂದ ಮೊದಲೇ ಅವರ ಜೀನ್ ಪರೀಕ್ಷೆ ಮಾಡಿಸಿದೆವು. ಬಸಿರಿನಲ್ಲಿ ಹೈಡ್ರೋಕಾರ್ಟಿಸೋನನ್ನೇ ಮುಂದುವರಿಸಿದರು. ಡೆಕ್ಸಾಮೆಥಾಸೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಮಾಸು ದಾಟಿ ಮಗುವನ್ನು ಮುಟ್ಟುತ್ತದೆ, ಅದನ್ನು ಕೊಡಲಿಲ್ಲ.

ಇನ್ನೊಂದು ಮಾತು. ಚಿಕ್ಕಂದಿನಲ್ಲಿ ನನ್ನನ್ನು ಪರೀಕ್ಷಿಸುವಾಗ ವಿದ್ಯಾರ್ಥಿಗಳ ಸಾಲೇ ನಿಲ್ಲುತ್ತಿತ್ತು. ನಿಮ್ಮ ಮಗಳನ್ನು ಕೇಳದೆ ಯಾರೂ ಅವಳ ಬಟ್ಟೆ ಸರಿಸಬಾರದು. ಶಸ್ತ್ರಚಿಕಿತ್ಸೆಯ ಮಾತು ಬಂದರೂ ಅವಳನ್ನು ಕೂರಿಸಿಕೊಂಡೇ ಚರ್ಚಿಸಿ. ಕಾಯಿಲೆಯ ಹೆಸರು ಅವಳಿಗೆ ನಿಮ್ಮಿಂದಲೇ ತಿಳಿಯಲಿ.

ಮಾಟುಂಗಾದಿಂದ: ಕಡತದ ಪ್ರತಿಗಳನ್ನು ಈಗಲೇ ಜೋಡಿಸಿಕೊಳ್ಳಿ. ಮಕ್ಕಳ ಆಸ್ಪತ್ರೆಯಿಂದ ದೊಡ್ಡವರ ವಿಭಾಗಕ್ಕೆ ಹೋಗುವಾಗ ಹಳೆಯ ವರದಿಗಳನ್ನೇ ಮೊದಲು ಕೇಳುತ್ತಾರೆ.