ಮೊದಲ ಇಂಜೆಕ್ಷನ್ ನಂತರ ತಂದೆಯವರ ಮೂಳೆನೋವು ಹೆಚ್ಚಾಗಿದೆ: ಮದ್ದು ನಾಟುತ್ತಿಲ್ಲವೆಂದು ಅರ್ಥವೇ?

ಪ್ರಶ್ನೆ: ಹಿರಿಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ 71 ವರ್ಷ. ಸೊಂಟನೋವೆಂದು ತೋರಿಸಲು ಹೋದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ಪ್ರಾಸ್ಟೇಟ್ ಗ್ರಂಥಿ ಉತ್ಪಾದಿಸುವ ಪ್ರೋಟೀನಾದ ಪಿಎಸ್‌ಎ 412 ಬಂದು, ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಂಬುದು ಖಚಿತವಾಗಿ, ಬೋನ್ ಸ್ಕ್ಯಾನಿನಲ್ಲಿ ಅದು ಸೊಂಟದ ಮೂಳೆಗೂ ಬೆನ್ನುಮೂಳೆಯ ಕೆಳಭಾಗಕ್ಕೂ ಹರಡಿರುವುದು ಕಂಡಿದೆ. ಗ್ರಂಥಿಯನ್ನು ತೆಗೆದು ಗುಣಪಡಿಸುವ ಹಂತ ದಾಟಿದೆ, ಹಾರ್ಮೋನ್ ತಡೆಯುವ ಇಂಜೆಕ್ಷನ್ ಕೊಡುತ್ತೇವೆ ಎಂದು ವೈದ್ಯರು ಹೇಳಿದರು. ಬೈಕಾಲುಟಮೈಡ್ 50 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೊಂದರಂತೆ ಒಂದು ವಾರ ತೆಗೆದುಕೊಂಡ ಮೇಲೆ, ಮೂರು ತಿಂಗಳು ಕೆಲಸ ಮಾಡುವ ಲ್ಯೂಪ್ರೊಲೈಡ್ ಇಂಜೆಕ್ಷನ್ ಹಾಕಿದರು.

ಇಂಜೆಕ್ಷನ್ ಹಾಕಿಸಿ ಇಂದಿಗೆ ಒಂಬತ್ತು ದಿನ. ನಾಲ್ಕು ದಿನಗಳಿಂದ ಸೊಂಟದ ನೋವು ಮೊದಲಿಗಿಂತ ಹೆಚ್ಚಾಗಿದ್ದು, ರಾತ್ರಿ ಮಗ್ಗುಲು ಬದಲಿಸುವುದಕ್ಕೂ ನನ್ನನ್ನು ಕೂಗುತ್ತಿದ್ದಾರೆ. ನನ್ನ ತಮ್ಮ ವೈದ್ಯರನ್ನು ಕೇಳದೆಯೇ ನಿನ್ನೆ ಪಿಎಸ್‌ಎ ಮಾಡಿಸಿದ. 412 ಇದ್ದದ್ದು 455 ಆಗಿದೆ. ಮದ್ದು ತಿರುಗುಬಾಣವಾಗಿದೆ, ಇದನ್ನು ನಿಲ್ಲಿಸಿ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ ಎಂಬುದು ಅವನ ವಾದ. ತಂದೆಯವರು ಆ ಮಾತು ಬಂದರೆ ಗೋಡೆಯ ಕಡೆಗೆ ತಿರುಗಿ ಮಲಗಿಬಿಡುತ್ತಾರೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ಇಂದು ಬೆಳಿಗ್ಗೆ ಮದ್ದಿನ ಡಬ್ಬಿ ತೆರೆದು ನೋಡಿದರೆ, 28 ಬೈಕಾಲುಟಮೈಡ್ ಮಾತ್ರೆಗಳಲ್ಲಿ 21 ಹಾಗೆಯೇ ಉಳಿದಿದ್ದವು. ಕೇಳಿದಾಗ, "ಇಂಜೆಕ್ಷನ್ನೇ ಬಂತಲ್ಲ, ಮಾತ್ರೆ ಇನ್ನೇಕೆ?" ಎಂದರು. ನೋವು ಹೆಚ್ಚಾದದ್ದಕ್ಕೆ ಇದೇ ಕಾರಣವಿರಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಶುಶ್ರೂಷಕಿ

ಅಮ್ಮಾ, ಮೊದಲು ತುರ್ತಿನ ಮಾತು. ತಂದೆಯವರ ಕಾಲುಗಳಲ್ಲಿ ಶಕ್ತಿ ಕುಗ್ಗಿದೆಯೇ, ತೊಡೆಯ ಒಳಭಾಗ ಅಥವಾ ಆಸನದ ಸುತ್ತ ಜೋಮು ಹಿಡಿದಂತಿದೆಯೇ, ಮೂತ್ರ ಕಟ್ಟಿಕೊಂಡಿದೆಯೇ ಅಥವಾ ತಿಳಿಯದೆ ಹೋಗುತ್ತಿದೆಯೇ ಎಂದು ಈಗಲೇ ಕೇಳಿ. ಇವುಗಳಲ್ಲಿ ಒಂದಿದ್ದರೂ ಬೆಳಗಾಗುವುದನ್ನು ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಬೆನ್ನುಮೂಳೆಗೆ ಹರಡಿದ ಗಡ್ಡೆ ನರಹುರಿಯನ್ನು ಒತ್ತಿದರೆ ಕಾಲು ಉಳಿಸಿಕೊಳ್ಳಲು ಸಿಗುವ ಸಮಯ ಗಂಟೆಗಳ ಲೆಕ್ಕದ್ದು. ಇವು ಯಾವುವೂ ಇಲ್ಲದಿದ್ದರೂ ಇಂದೇ ವೈದ್ಯರಿಗೆ ಫೋನ್ ಮಾಡಿ, ಮಾತ್ರೆ ನಿಂತುಹೋಗಿದ್ದ ವಿಷಯವನ್ನು ಮುಚ್ಚಿಡದೆ ಹೇಳಿ. ವಾರ್ಡಿನಲ್ಲಿದ್ದ ಕಾಲದಲ್ಲಿ ನಾನು ಇದೇ ತಪ್ಪನ್ನು ಎಷ್ಟೋ ಸಲ ಕಂಡಿದ್ದೇನೆ. ತಂದೆಯವರನ್ನು ಬೈಯಬೇಡಿ, ಮಾತ್ರೆ ಯಾತಕ್ಕೆಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ.

ಇನ್ನು ಕಾರಣ. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳು ಬೆಳೆಯುವುದು ಬಹುಮಟ್ಟಿಗೆ ಟೆಸ್ಟೋಸ್ಟಿರಾನ್ ಹಾರ್ಮೋನಿನ ಬಲದಿಂದ, ಮತ್ತು ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ತಯಾರಾಗುವುದು ವೃಷಣಗಳಲ್ಲಿ. ಆದರೆ ವೃಷಣಗಳು ತಾವಾಗಿಯೇ ಕೆಲಸ ಮಾಡುವುದಿಲ್ಲ. ಮಿದುಳಿನ ಹೈಪೊಥಲಾಮಸ್ ಬಿಟ್ಟುಬಿಟ್ಟು ಒಂದು ಸಂಕೇತವನ್ನು ಕಳುಹಿಸುತ್ತದೆ, ಅದನ್ನು ಕೇಳಿಸಿಕೊಂಡ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಆಜ್ಞೆ ಮಾಡುತ್ತದೆ. ಲ್ಯೂಪ್ರೊಲೈಡ್, ಗೊಸೆರೆಲಿನ್, ಟ್ರಿಪ್ಟೊರೆಲಿನ್ ಎಂಬ ಮದ್ದುಗಳು ಆ ಸಂಕೇತದ ನಕಲುಗಳೇ ಹೊರತು ಅದಕ್ಕೆ ಅಡ್ಡಗಟ್ಟುವವಲ್ಲ. ಬಾಗಿಲನ್ನು ಆಗೊಮ್ಮೆ ಈಗೊಮ್ಮೆ ತಟ್ಟಿದರೆ ಮನೆಯವರು ಎದ್ದು ಬರುತ್ತಾರೆ; ಬಿಡುವಿಲ್ಲದೆ ಬಡಿಯುತ್ತಲೇ ಇದ್ದರೆ ಮೊದಲು ಗಾಬರಿಯಿಂದ ಓಡಿಬಂದು, ಆಮೇಲೆ ಕಿವಿ ಮುಚ್ಚಿಕೊಂಡು ಕುಳಿತುಬಿಡುತ್ತಾರೆ. ಪಿಟ್ಯುಟರಿ ಗ್ರಂಥಿ ಮಾಡುವುದೂ ಹಾಗೆಯೇ. ಆ ಓಡಿಬರುವ ಹೊತ್ತಿನಲ್ಲಿ, ಅಂದರೆ ಮೊದಲ ಒಂದೆರಡು ವಾರಗಳಲ್ಲಿ, ಟೆಸ್ಟೋಸ್ಟಿರಾನ್ ಇಳಿಯುವ ಬದಲು ಏರುತ್ತದೆ. ವೈದ್ಯರು ಇದನ್ನು ಫ್ಲೇರ್ ಎನ್ನುತ್ತಾರೆ. ಉಬ್ಬರ ಎಂದರೂ ಸರಿಯೇ. ನೋವು ಹೆಚ್ಚುವುದೂ ಪಿಎಸ್‌ಎ ಏರುವುದೂ ಈ ಉಬ್ಬರದಲ್ಲಿ ಆಗಬಹುದಾದವು. ಇಳಿತ ಪೂರ್ಣವಾಗಿ, ವೃಷಣ ತೆಗೆದವರಲ್ಲಿ ಇರುವ ಮಟ್ಟಕ್ಕೆ ಹಾರ್ಮೋನ್ ಬರಲು ಮೂರು ನಾಲ್ಕು ವಾರಗಳು ಬೇಕು.

ಬೈಕಾಲುಟಮೈಡ್ ಕೊಡುವುದು ಈ ನಡುವಿನ ಅವಧಿಗಾಗಿ. ಅದು ಟೆಸ್ಟೋಸ್ಟಿರಾನನ್ನು ಕಡಿಮೆ ಮಾಡುವುದಿಲ್ಲ. ಕ್ಯಾನ್ಸರ್ ಕೋಶದಲ್ಲಿ ಹಾರ್ಮೋನ್ ಬಂದು ಕೂರುವ ಜಾಗವನ್ನು ತಾನೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಇಂಜೆಕ್ಷನ್ ಬಿದ್ದ ಮೇಲಿನ ಮೊದಲ ವಾರಗಳಲ್ಲೇ ಅದರ ಅಗತ್ಯ ಹೆಚ್ಚು, ನಿಮ್ಮ ತಂದೆಯವರು ಬಿಟ್ಟದ್ದು ಸರಿಯಾಗಿ ಆ ದಿನಗಳಲ್ಲಿ. ಮತ್ತೆ ಶುರು ಮಾಡಬೇಕೇ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಲಿ. ಒಂಬತ್ತನೆಯ ದಿನದ ಪಿಎಸ್‌ಎ ಹಿಡಿದುಕೊಂಡು ಮದ್ದು ನಾಟಿದೆ, ನಾಟಿಲ್ಲ ಎಂದು ತೀರ್ಮಾನಿಸಲು ಬರುವುದಿಲ್ಲವೆಂದು ನಿಮ್ಮ ತಮ್ಮನಿಗೆ ತಿಳಿಸಿ.

ಉತ್ತರ 2: ಐದನೆಯ ವರ್ಷದಲ್ಲಿರುವ ರೋಗಿ

ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸಬೇಕಾದ್ದು ಶಸ್ತ್ರಚಿಕಿತ್ಸೆಯ ವಿಷಯ. ನಿಮ್ಮ ತಮ್ಮನ ಮಾತು ಪೂರ್ತಿ ತಪ್ಪಲ್ಲ. ಈ ಚಿಕಿತ್ಸೆ ಆರಂಭವಾದದ್ದೇ ಆ ದಾರಿಯಲ್ಲಿ: ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು 1941ರಲ್ಲಿ ವೃಷಣ ತೆಗೆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಹಿಮ್ಮೆಟ್ಟುತ್ತದೆಂದು ತೋರಿಸಿದರು, ಅದಕ್ಕಾಗಿ 1966ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಆ ವಿಧಾನದಲ್ಲಿ ಉಬ್ಬರದ ಕಾಟವಿಲ್ಲ, ಒಂದು ದಿನದೊಳಗೆ ಹಾರ್ಮೋನ್ ಬಿದ್ದುಹೋಗುತ್ತದೆ, ಇಂಜೆಕ್ಷನ್ ತಾರೀಖು ನೆನಪಿಡುವ ತಾಪತ್ರಯವೂ ಇಲ್ಲ. ಆದರೆ ಹಿಂದಕ್ಕೆ ಬರಲಾಗದ ದಾರಿ ಅದು. ನನಗೆ ಎರಡನ್ನೂ ಮುಂದಿಟ್ಟಾಗ ನಾನು ಇಂಜೆಕ್ಷನ್ ಆರಿಸಿಕೊಂಡೆ. ಇದನ್ನು ಮಕ್ಕಳು ಚರ್ಚಿಸಿ ನಿರ್ಧರಿಸುವುದು ನನಗೇಕೋ ಸರಿಕಾಣುವುದಿಲ್ಲ. ಗೋಡೆಯ ಕಡೆಗೆ ತಿರುಗಿ ಮಲಗುವುದೂ ಒಂದು ಉತ್ತರವೇ.

ನನಗೆ ಹಾಕುವುದು ಗೊಸೆರೆಲಿನ್ 10.8 ಮಿಲಿಗ್ರಾಂ. ಪೆನ್ಸಿಲಿನ ಸೀಸದ ತುಂಡಿನಂತಹ ಪುಟ್ಟ ಕಡ್ಡಿಯನ್ನು ದಪ್ಪ ಸೂಜಿಯಿಂದ ಹೊಕ್ಕುಳ ಕೆಳಗಿನ ಚರ್ಮದಡಿ ಇಳಿಸುತ್ತಾರೆ, ಅದು ಅಲ್ಲಿಯೇ ನಿಧಾನವಾಗಿ ಕರಗುತ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಂಚಿತವಾಗಿ ತಿಳಿಸಬೇಕು. ನಾನು ಒಮ್ಮೆ ಮರೆತು, ಹೊಟ್ಟೆಯ ಮೇಲೆ ಅಂಗೈಯಗಲದ ನೀಲಿ ಕಲೆಯನ್ನು ಎರಡು ವಾರ ಹೊತ್ತು ತಿರುಗಿದೆ.

ಮರೆಯಬಾರದ ವಿಷಯ ಒಂದಿದೆ. "ಮೂರು ತಿಂಗಳ ಇಂಜೆಕ್ಷನ್" ಎಂದು ಎಲ್ಲರೂ ಬಾಯಿಮಾತಿಗೆ ಹೇಳುತ್ತಾರೆ, ಆದರೆ ನನ್ನದರ ಅವಧಿ 12 ವಾರ, ಎಂದರೆ 84 ದಿನ. ತಿಂಗಳ ಲೆಕ್ಕ ಹಿಡಿದರೆ 91 ದಿನಗಳಾಗುತ್ತವೆ, ಪ್ರತಿ ಸಲವೂ ಒಂದು ವಾರ ತಡ. ಮೊದಲ ವರ್ಷ ನಾನು ಹಾಗೆಯೇ ಹೋಗುತ್ತಿದ್ದೆ. ತಡವಾದರೆ ಹಾರ್ಮೋನ್ ಮತ್ತೆ ತಲೆಯೆತ್ತುವ ಸಾಧ್ಯತೆ ಇದೆಯೆಂದು ಹೊಸ ವೈದ್ಯರೊಬ್ಬರು ವಿವರಿಸಿದ ಮೇಲೆ ಕ್ಯಾಲೆಂಡರಿನಲ್ಲಿ ವಾರಗಳನ್ನು ಎಣಿಸಿ ಗುರುತು ಹಾಕಲಾರಂಭಿಸಿದೆ. ವಾರದ ಲೆಕ್ಕಕ್ಕೆ ಒಂದು ಅನುಕೂಲವಿದೆ: ಬುಧವಾರ ಹಾಕಿಸಿದರೆ ಮುಂದಿನದೂ ಬುಧವಾರವೇ ಬೀಳುತ್ತದೆ.

ಶರೀರದಲ್ಲಿ ಆಗುವುದನ್ನೂ ತಂದೆಯವರಿಗೆ ಮೊದಲೇ ಹೇಳಿಬಿಡಿ. ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಝಳ ಏರಿ, ಬನಿಯನ್ ಒದ್ದೆಯಾಗುವಷ್ಟು ಬೆವರು ಬಂದು, ಐದು ನಿಮಿಷದಲ್ಲಿ ಚಳಿಯಾಗುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸರಿಗೆ ಆಗುವುದು ಇದೇ ಎಂದು ನನ್ನ ಹೆಂಡತಿ ನಕ್ಕಳು. ಆ ನಗುವಿನಿಂದ ನನಗೆ ಎಷ್ಟೋ ಹಗುರವಾಯಿತು. ನಿದ್ದೆಗೆಡುವಷ್ಟು ಕಾಡಿದರೆ ಅದಕ್ಕೂ ಮದ್ದಿದೆ, ಕೇಳಬೇಕಷ್ಟೆ. ಕಾಮಾಸಕ್ತಿ ಬಹುತೇಕ ಎಲ್ಲರಲ್ಲೂ ಇಂಗಿಹೋಗುತ್ತದೆ. ಸ್ನಾಯು ಕರಗಿ ಹೊಟ್ಟೆ ಬರುತ್ತದೆ, ದಣಿವು ಬೇಗ ಆಗುತ್ತದೆ, ಕೆಲವರಿಗೆ ಕಾರಣವಿಲ್ಲದೆ ಕಣ್ಣೀರು ಬರುತ್ತದೆ. ಇವಕ್ಕೆ ನಾನು ಕಂಡ ಒಳ್ಳೆಯ ಉಪಾಯ ನಡಿಗೆಯ ಜೊತೆಗೆ ಭಾರ ಎತ್ತುವ ವ್ಯಾಯಾಮ. ಆದರೆ ಮೂಳೆಗೆ ಹರಡಿರುವುದರಿಂದ ಯಾವ ಭಾರ, ಯಾವ ಭಂಗಿ ಎಂಬುದನ್ನು ಫಿಸಿಯೋಥೆರಪಿಸ್ಟ್ ನೋಡಿಯೇ ಹೇಳಬೇಕು.

ಉತ್ತರ 3: ಫಾರ್ಮಸಿಸ್ಟ್

ಐದನೆಯ ವರ್ಷದ ಹಿರಿಯರ ದಿನಗಳ ಲೆಕ್ಕಕ್ಕೆ ಒಂದು ಷರಾ. ಲ್ಯೂಪ್ರೊಲೈಡ್ ಒಂದು, ಮೂರು, ನಾಲ್ಕು, ಆರು ತಿಂಗಳ ಪ್ರಮಾಣಗಳಲ್ಲಿ ಬರುತ್ತದೆ, ತಯಾರಿಕೆಯಿಂದ ತಯಾರಿಕೆಗೆ ಅಂತರವನ್ನು ಹೇಳುವ ರೀತಿಯೂ ಬೇರೆ. ಆದ್ದರಿಂದ ನಿಮ್ಮ ಪೊಟ್ಟಣದ ಮೇಲೆ ವಾರವೆಂದಿದೆಯೋ ತಿಂಗಳೆಂದಿದೆಯೋ ನೋಡಿಕೊಂಡು ಗುರುತು ಹಾಕಿ.

ಉಬ್ಬರವೇ ಇಲ್ಲದ ಇಂಜೆಕ್ಷನ್ನೂ ಇದೆ. ಡೆಗರೆಲಿಕ್ಸ್ ಸಂಕೇತದ ನಕಲಲ್ಲ, ನೇರವಾದ ತಡೆ. ಬಹುತೇಕ ರೋಗಿಗಳಲ್ಲಿ ಮೂರು ದಿನಗಳಲ್ಲಿ ಹಾರ್ಮೋನನ್ನು ಇಳಿಸುತ್ತದೆ. ಬೆನ್ನುಮೂಳೆಯಲ್ಲಿ ಅಪಾಯದ ಗಡ್ಡೆಯಿರುವವರಿಗೆ ವೈದ್ಯರು ಇದನ್ನು ಆಲೋಚಿಸುವುದು ಅದಕ್ಕಾಗಿಯೇ. ಮೊದಲ ಸಲ 240 ಮಿಲಿಗ್ರಾಮನ್ನು ಎರಡು ಚುಚ್ಚಿನಲ್ಲಿ ಕೊಟ್ಟು, ಅನಂತರ ತಿಂಗಳಿಗೊಮ್ಮೆ 80 ಮಿಲಿಗ್ರಾಂ ಕೊಡುತ್ತಾರೆ. ಚುಚ್ಚಿದ ಜಾಗ ಕೆಂಪಾಗಿ ಗಟ್ಟಿಯಾಗಿ ನೋಯುವುದು ಇದರಲ್ಲಿ ಹೆಚ್ಚು. ಇದೇ ಬಗೆಯ ರೆಲುಗೊಲಿಕ್ಸ್ ದಿನವೂ ನುಂಗುವ ಮಾತ್ರೆಯಾಗಿ ಬರುತ್ತದೆ. ಮಾತ್ರೆ ಬಿಟ್ಟುಬಿಡುವ ಸ್ವಭಾವದವರಿಗೆ ಅದು ತಕ್ಕದ್ದಲ್ಲವೆಂಬುದು ನನ್ನ ಅನಿಸಿಕೆ.

ಇದಕ್ಕಿಂತ ಮುಖ್ಯವಾಗಿ ನೀವು ವೈದ್ಯರನ್ನು ಕೇಳಬೇಕಾದ್ದು ಇಂಜೆಕ್ಷನ್ ಜೊತೆಗೆ ಏನು ಸೇರುತ್ತದೆ ಎಂಬುದನ್ನು. ಮೂಳೆಗೆ ಹರಡಿ ಮೊದಲ ಬಾರಿ ಪತ್ತೆಯಾದವರಿಗೆ ಇಂಜೆಕ್ಷನ್ ಒಂದನ್ನೇ ಕೊಡುವುದಕ್ಕಿಂತ ಶರೀರದಲ್ಲಿ ಈ ಹಾರ್ಮೋನ್ ತಯಾರಾಗುವುದನ್ನೇ ತಡೆಯುವ ಅಬಿರಾಟೆರೋನ್ ಮಾತ್ರೆ ಸೇರಿಸಿದರೆ ಹೆಚ್ಚು ಕಾಲ ಬದುಕುತ್ತಾರೆ ಎಂಬುದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ಸ್ಪಷ್ಟವಾಯಿತು. ಎನ್ಜಲುಟಮೈಡ್, ಅಪಲುಟಮೈಡ್ ಮಾತ್ರೆಗಳಿಂದಲೂ ಅಂತಹ ಲಾಭ ಕಂಡಿದೆ, ಕೆಲವರಿಗೆ ಡೊಸಿಟ್ಯಾಕ್ಸೆಲ್ ಕೀಮೋ ಕೂಡ ಸೇರುತ್ತದೆ. ಅಬಿರಾಟೆರೋನನ್ನು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಜೊತೆಯಲ್ಲಿ ಕೊಡುತ್ತಾರೆ, ಸಾಮಾನ್ಯವಾಗಿ ಅಬಿರಾಟೆರೋನನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಬಿಪಿ, ಪೊಟ್ಯಾಸಿಯಂ, ಯಕೃತ್ತಿನ ಪರೀಕ್ಷೆಗಳನ್ನು ಆಗಾಗ ನೋಡುತ್ತಿರಬೇಕು. ತಂದೆಯವರಿಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಹಿಂದೆ ಫಿಟ್ಸ್ ಇದ್ದವೇ ಎಂಬುದರ ಮೇಲೆ ಆಯ್ಕೆ ಬದಲಾಗುತ್ತದೆ.

ಮೂಳೆಯ ಸವಕಳಿಯ ಬಗ್ಗೆಯೂ ಕೇಳಿ. ಹಾರ್ಮೋನ್ ಇಳಿದಂತೆ ಮೂಳೆ ತೆಳುವಾಗುವುದರಿಂದ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುವುದುಂಟು. ಮೂಳೆ ಸವೆಯುವುದನ್ನು ತಡೆಯುವ ಜೊಲೆಡ್ರೋನಿಕ್ ಆಸಿಡ್ ಅಥವಾ ಡೆನೊಸುಮ್ಯಾಬ್ ಇಂಜೆಕ್ಷನ್ ಕೊಡುವ ಮಾತು ಬಂದರೆ, ಅದಕ್ಕೆ ಮೊದಲು ಹಲ್ಲು ತೋರಿಸಿ, ಕೀಳಿಸಬೇಕಾದ್ದನ್ನು ಕೀಳಿಸಿಬಿಡಿ. ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯದೆ ಉಳಿಯುವ ಅಪಾಯವಿದೆ.

ಪ್ರಶ್ನೆ ಕೇಳಿದವರ ಮರುಬರಹ (ಐದು ವಾರಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಅಂದೇ ವೈದ್ಯರಿಗೆ ಫೋನ್ ಮಾಡಿದೆ. ಬೆನ್ನುಮೂಳೆಯ ಎಂಆರ್‌ಐ ಮಾಡಿಸಿ ನರಹುರಿಗೆ ಒತ್ತಡವಿಲ್ಲವೆಂದು ಖಚಿತಪಡಿಸಿಕೊಂಡು, ಬೈಕಾಲುಟಮೈಡನ್ನು ಮೂರು ವಾರ ಮುಂದುವರಿಸಿದರು. ಈಗ ನೋವಿನ ಮಾತ್ರೆ ರಾತ್ರಿಗೆ ಒಂದೇ ಸಾಕಾಗುತ್ತಿದೆ. ಮೊನ್ನೆಯ ಪರೀಕ್ಷೆಯಲ್ಲಿ ಟೆಸ್ಟೋಸ್ಟಿರಾನ್ 22, ಪಿಎಸ್‌ಎ 61. ಅಬಿರಾಟೆರೋನ್ ಆರಂಭವಾಗಿದೆ. ಶಸ್ತ್ರಚಿಕಿತ್ಸೆ ಬೇಡವೆಂದು ತಂದೆಯವರೇ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿದರು. ತಮ್ಮ ಈಗ ಬೇರೆ ರಾಗ ತೆಗೆದಿದ್ದಾನೆ: ಪಿಎಸ್‌ಎ ಸೊನ್ನೆಗೆ ಬಂದ ಮೇಲೆ ಇಂಜೆಕ್ಷನ್ ನಿಲ್ಲಿಸಬಹುದಲ್ಲವೇ ಎನ್ನುತ್ತಾನೆ.

ಉತ್ತರ 4: ನಿವೃತ್ತ ಶುಶ್ರೂಷಕಿ

ಟೆಸ್ಟೋಸ್ಟಿರಾನ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 50 ನ್ಯಾನೊಗ್ರಾಮಿಗಿಂತ ಕೆಳಗಿರಬೇಕೆಂಬುದು ಸಾಮಾನ್ಯ ಗಡಿ. 22 ಎಂದರೆ ಇಂಜೆಕ್ಷನ್ ತನ್ನ ಕೆಲಸ ಮಾಡಿದೆ. ಆದರೆ ಈ ಚಿಕಿತ್ಸೆ ಕ್ಯಾನ್ಸರನ್ನು ಬುಡಸಮೇತ ಕೀಳುವುದಿಲ್ಲ, ಅದಕ್ಕೆ ಸಿಗುವ ಪೋಷಣೆಯನ್ನು ಕಡಿಯುತ್ತದೆ. ಪಿಎಸ್‌ಎ ತಳ ಮುಟ್ಟಿದ ಮೇಲೆ ನಿಲ್ಲಿಸಿ, ಏರಿದಾಗ ಮತ್ತೆ ಕೊಡುವ ಪದ್ಧತಿಯೂ ಇದೆ. ಹರಡಿದ ರೋಗದಲ್ಲಿ ಅದು ನಿರಂತರ ಚಿಕಿತ್ಸೆಗೆ ಸಮವೆಂದು 2013ರಲ್ಲಿ ಪ್ರಕಟವಾದ, ಸುಮಾರು 1,500 ರೋಗಿಗಳನ್ನು ಹೋಲಿಸಿದ ಅಧ್ಯಯನದಲ್ಲಿ ಸಾಬೀತಾಗಲಿಲ್ಲ. ಅಡ್ಡಪರಿಣಾಮ ತಡೆಯಲಾಗದವರಿಗೆ ವೈದ್ಯರು ಯೋಚಿಸಿ ಕೊಡುವ ಬಿಡುವು ಅದು, ಮನೆಯಲ್ಲಿ ಕುಳಿತು ತೆಗೆದುಕೊಳ್ಳುವ ನಿರ್ಧಾರವಲ್ಲ. ಮುಂದೆ ಎಂದಾದರೂ ಪಿಎಸ್‌ಎ ಏರತೊಡಗಿ ಮದ್ದು ಬದಲಾದರೂ ಇಂಜೆಕ್ಷನ್ ಸಾಮಾನ್ಯವಾಗಿ ಮುಂದುವರಿಯುತ್ತದೆ. ಮುಂದಿನದರ ತಾರೀಖು ಗುರುತು ಹಾಕಿದಿರಾ?

ಪ್ರಶ್ನೆ ಕೇಳಿದವರು

ಹಾಕಿಯಾಯಿತು. ಪೊಟ್ಟಣದ ಮೇಲೆ 12 ವಾರ ಎಂದೇ ಇದೆ. ತಂದೆಯವರು ತಾವೇ ಕ್ಯಾಲೆಂಡರ್ ಇಳಿಸಿ, ಬೆರಳಿಟ್ಟು ಹನ್ನೆರಡು ಶುಕ್ರವಾರ ಎಣಿಸಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ.