ಹ್ಯಾಮ್ ರೇಡಿಯೋ, 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಸ್) ಎಎಂ: ಆಂಪ್ಲಿಫೈಯರ್ ಹಾಕಿದರೆ ಮಾತು ಒಡೆಯುತ್ತಿದೆ

ಪ್ರಶ್ನೆ (ಮಲ್ಪೆಯಿಂದ):
ನಮಸ್ಕಾರ. ನನ್ನದು 100 ವ್ಯಾಟ್‌ನ ಎಚ್‌ಎಫ್ ರೇಡಿಯೋ. ಎಎಂನಲ್ಲಿ 25 ವ್ಯಾಟ್ ಕ್ಯಾರಿಯರ್ (ಮಾತಾಡದಿದ್ದಾಗಲೂ ಹೋಗುವ ಮೂಲ ಅಲೆ) ಬರುತ್ತದೆ. ಮೊನ್ನೆ 200 ವ್ಯಾಟ್‌ನ ಟ್ರಾನ್ಸಿಸ್ಟರ್ ಲೀನಿಯರ್ ಆಂಪ್ಲಿಫೈಯರ್ ಜೋಡಿಸಿದೆ. 10 ವ್ಯಾಟ್ ಡ್ರೈವ್‌ಗೆ (ರೇಡಿಯೋದಿಂದ ಅದಕ್ಕೆ ಕೊಡುವ ಪವರ್) ಫುಲ್ ಪವರ್ ಅಂತ ಅದರ ಮೇಲಿದೆ. ರೇಡಿಯೋದಲ್ಲಿ ಕ್ಯಾರಿಯರ್ 10 ವ್ಯಾಟ್‌ಗೆ ಇಟ್ಟೆ, ಮೀಟರ್ 190 ತೋರಿಸಿತು. ಮಾತಾಡಿದ ಕೂಡಲೇ ಮುಳ್ಳು ಕೆಳಗೆ ಇಳಿಯುತ್ತದೆ. ಕಾಸರಗೋಡಿನ ಗೆಳೆಯರು ಮಾತು ಒಡೆದು ಕೇಳುತ್ತದೆ ಅಂದರು. ಎರಡು ನಿಮಿಷಕ್ಕೆ ಹೀಟ್‌ಸಿಂಕ್ ಮುಟ್ಟಲಿಕ್ಕೆ ಆಗುವುದಿಲ್ಲ. ಸಪ್ಲೈ 13.8 ವೋಲ್ಟ್, 20 ಆಂಪಿಯರ್. ಎಸ್‌ಎಸ್‌ಬಿಯಲ್ಲಿ (ಕ್ಯಾರಿಯರ್ ಇಲ್ಲದೆ ಮಾತು ಕಳಿಸುವ ವಿಧಾನ) ಏನೂ ತೊಂದರೆ ಇಲ್ಲ. ಬೇರೆ ಆಂಪ್ಲಿಫೈಯರ್ ತೆಗೆದುಕೊಳ್ಳಬೇಕಾ?

ಉತ್ತರ (ಮಣಿಪಾಲದಿಂದ):
ಬೇಡ ಮಾರಾಯ್ರೇ, ಆಂಪ್ಲಿಫೈಯರ್ ಸರಿ ಇದೆ. ಮುಳ್ಳು ಇಳಿಯುವುದೇ ಸುಳಿವು.

ಎಎಂನಲ್ಲಿ 100 ಶೇಕಡಾ ಮಾಡ್ಯುಲೇಶನ್ ಆದಾಗ (ಮಾತು ಕ್ಯಾರಿಯರ್ ಮೇಲೆ ಪೂರ್ತಿ ಕೂತಾಗ) ಪೀಕ್ ಪವರ್ ಕ್ಯಾರಿಯರ್‌ನ ನಾಲ್ಕು ಪಟ್ಟು ಆಗುತ್ತದೆ. ನಿಮ್ಮ 200 ಅನ್ನುವುದು ಪೀಕ್ ಲೆಕ್ಕ. ಅಂದರೆ ಕ್ಯಾರಿಯರ್ 50 ವ್ಯಾಟ್ ಮಾತ್ರ ಇರಬೇಕು. ನೀವು ಕ್ಯಾರಿಯರ್‌ನಲ್ಲೇ ಎಲ್ಲ ಪವರ್ ಖಾಲಿ ಮಾಡಿದ್ದೀರಿ, ಮಾತಿಗೆ ಮೇಲೆ ಹೋಗಲು ಜಾಗವೇ ಉಳಿದಿಲ್ಲ. ಡ್ರೈವ್ ಎರಡೂವರೆ ವ್ಯಾಟ್‌ಗೆ ಇಳಿಸಿ. ಮೀಟರ್ 50 ತೋರಿಸಿದರೆ ಬೇಜಾರು ಬೇಡ, ಅದೇ ಸರಿ.

ಬಿಸಿಯ ವಿಷಯ. ಕ್ಯಾರಿಯರ್ ಮಟ್ಟದಲ್ಲಿ ಲೀನಿಯರ್‌ನ ದಕ್ಷತೆ ಸುಮಾರು ಮೂರರಲ್ಲಿ ಒಂದು. 50 ವ್ಯಾಟ್ ಹೊರಗೆ ಹೋದರೆ 100 ವ್ಯಾಟ್ ಶಾಖ, ನೀವು ಸುಮ್ನೆ ಇದ್ದಾಗಲೂ. ಎಸ್‌ಎಸ್‌ಬಿಯಲ್ಲಿ ಮಾತಿನ ನಡುವೆ ಅದಕ್ಕೆ ಬಿಡುವು ಸಿಗುತ್ತದೆ, ಇಲ್ಲಿ ಇಲ್ಲ. ದೊಡ್ಡ ಫ್ಯಾನ್ ಹಾಕಲೇಬೇಕು. ಸಪ್ಲೈ ಕೂಡ ನೋಡಿ: ಕ್ಯಾರಿಯರ್‌ಗೆ 11 ಆಂಪಿಯರ್, ಪೀಕ್‌ನಲ್ಲಿ ಅದರ ಎರಡು ಪಟ್ಟು, 22. ನಿಮ್ಮದು ಅಲ್ಲೇ ಸೋಲುತ್ತದೆ. 30 ಆಂಪಿಯರ್‌ನದು ಇಟ್ಟುಕೊಳ್ಳಿ.

ಉತ್ತರ (ಕುಳಾಯಿಯಿಂದ):
ಲೆಕ್ಕ ಸರಿ. ಆದರೆ ಒಂದು ಮಾತು. ರೇಡಿಯೋ ಒಂದೇ 25 ಕೊಡುತ್ತದೆ, ಲೀನಿಯರ್ ಹಾಕಿದರೆ 50. ಅದು 3 ಡಿಬಿ, ಕೇಳುವವರ ಸಿಗ್ನಲ್ ಮೀಟರ್‌ನಲ್ಲಿ ಬರೀ ಅರ್ಧ ಎಸ್ ಯೂನಿಟ್. ನಿಮ್ಮ ಮನೆ ಕಡಲಿಗೆ ಹತ್ತಿರ ಅಲ್ವಾ? ಮೊದಲು ಡೈಪೋಲ್ ಆಂಟೆನಾ ಇಳಿಸಿ ನಡುವೆ ಕೇಬಲ್ ಸೇರುವ ಜೋಡಣೆ ನೋಡಿ. ನಮ್ಮಲ್ಲಿ ಒಂದು ಮಳೆಗಾಲಕ್ಕೇ ತಾಮ್ರ ಕಿಲುಬು ಹಿಡಿಯುತ್ತದೆ. ಲೀನಿಯರ್ ನಂತರ ಲೋ ಪಾಸ್ ಫಿಲ್ಟರ್ ಇದೆಯಾ? ಇಲ್ಲದಿದ್ದರೆ 7.1ರ ಎರಡು, ಮೂರು ಪಟ್ಟು, ಅಂದರೆ 14.2, 21.3 ಮೆಗಾಹರ್ಟ್ಸ್‌ನಲ್ಲೂ ನೀವು ಕೇಳಿಸುತ್ತೀರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫಿಲ್ಟರ್ ಒಳಗೇ ಇದೆ. ಡ್ರೈವ್ ಇಳಿಸಿದೆ, ಈಗ ಮಾತಾಡಿದರೆ ಮುಳ್ಳು ಸ್ವಲ್ಪ ಮೇಲೇಳುತ್ತದೆ. ತೆಂಗಿನ ಮರದಿಂದ ಡೈಪೋಲ್ ಇಳಿಸಿದಾಗ ಕೋಆಕ್ಸ್ ಕೇಬಲ್‌ನ ಜಾಲರಿ ಪೂರ್ತಿ ಹಸಿರಾಗಿತ್ತು, ಮುಟ್ಟಿದರೆ ಉದುರುತ್ತಿತ್ತು. ಹೊಸ ಕೇಬಲ್ ಬೆಸೆದು ಟೇಪ್ ಸುತ್ತಿದ್ದೇನೆ. ನಿನ್ನೆ ಲೀನಿಯರ್ ಇಲ್ಲದೆ, ಬರೀ 25 ವ್ಯಾಟ್‌ನಲ್ಲಿ ಕಾಸರಗೋಡಿನವರು ಮೊದಲಿಗಿಂತ ಜಾಸ್ತಿ ಸಿಗ್ನಲ್ ಕೊಟ್ಟರು. ಫ್ಯಾನ್ ಮತ್ತು ಸಪ್ಲೈ ಬರುವ ತನಕ ಹೀಗೇ ಮಾತಾಡುತ್ತೇನೆ. 73 (ಶುಭಾಶಯ).