ನಿಕಲ್ ಹಾಕದೇ ಇದ್ದರೂ ಸುಜುಕಿ ಪ್ರಾಡಕ್ಟ್ ಬರ್ತಿದೆ, ಏನು ಮಾಡಲಿ?

ಆರ್‌ಬಿ ಫ್ಲಾಸ್ಕ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ, ಈಗ ಎರಡನೇ ವರ್ಷ. ಕ್ಯಾಟಲಿಸ್ಟ್ ಆಗಿ ಪಲ್ಲಾಡಿಯಂ ಬದಲು ನಿಕಲ್ ಹಾಕಿ ಸುಜುಕಿ ಕಪ್ಲಿಂಗ್ (ಬೋರಾನ್ ಕಾಂಪೌಂಡ್ ಬಳಸಿ ಕಾರ್ಬನ್‌ಗೆ ಕಾರ್ಬನ್ ಜೋಡಿಸೋ ರಿಯಾಕ್ಷನ್) ಮಾಡೋದು ನನ್ನ ಟಾಪಿಕ್. ನಿಕಲ್ ತುಂಬಾ ಅಗ್ಗ ಅನ್ನೋದು ಮುಖ್ಯ ಕಾರಣ. ಲಿಗ್ಯಾಂಡ್ (ಮೆಟಲ್‌ಗೆ ಅಂಟಿಕೊಂಡು ಅದರ ಕೆಲಸಕ್ಕೆ ನೆರವಾಗೋ ಅಣು) ನಮ್ಮ ಲ್ಯಾಬ್‌ನಲ್ಲೇ ಮಾಡಿದ ಒಂದು ಅಮೈನ್, ಅಂದ್ರೆ ನೈಟ್ರೋಜನ್ ಇರೋ ಕಾಂಪೌಂಡ್. ಮಾಡೆಲ್ ರಿಯಾಕ್ಷನ್‌ಗೆ 4-ಬ್ರೋಮೋಅಸಿಟೋಫಿನೋನ್ ಮತ್ತು ಫಿನೈಲ್‌ಬೊರೋನಿಕ್ ಆಸಿಡ್, ಬೇಸ್ ಪೊಟ್ಯಾಸಿಯಂ ಕಾರ್ಬೊನೇಟ್, ಎಥನಾಲ್ ಮತ್ತು ನೀರು, 80 ಡಿಗ್ರಿ, ರಾತ್ರಿಯಿಡೀ.

ಯೀಲ್ಡ್ (ಸಿಗೋ ಪ್ರಾಡಕ್ಟ್ ಪ್ರಮಾಣ) ಚೆನ್ನಾಗಿ ಬರ್ತಿತ್ತು, ಪೇಪರ್ ಬರೆಯೋಕೂ ಶುರು ಮಾಡಿದ್ವಿ. ಸಪೋರ್ಟಿಂಗ್ ಇನ್ಫರ್ಮೇಶನ್‌ಗೆ ಬೇಕು ಅಂತ ನಿಕಲ್ ಬಿಟ್ಟು, ಬಾಕಿ ಎಲ್ಲ ಹಾಗೇ ಇಟ್ಟು ಬ್ಲಾಂಕ್ ಹಾಕಿದೆ. ಬೆಳಿಗ್ಗೆ ಟಿಎಲ್‌ಸಿ (ಏನೇನು ಕಾಂಪೌಂಡ್ ಇದೆ ಅಂತ ಸ್ಪಾಟ್‌ಗಳಾಗಿ ತೋರಿಸೋ ಪ್ಲೇಟ್) ನೋಡಿದರೆ ಯುವಿ ಕೆಳಗೆ ಪ್ರಾಡಕ್ಟ್ ಸ್ಪಾಟ್ ಸ್ಪಷ್ಟವಾಗಿ ಇದೆ. ಕಾಲಮ್ ಹಾಕಿ ಬೇರ್ಪಡಿಸಿ ತೆಗೆದೆ, ಎನ್‌ಎಂಆರ್ (ಅಣುವಿನ ರಚನೆ ತೋರಿಸೋ ಪರೀಕ್ಷೆ) ಕೂಡ ಅದೇ ಕಾಂಪೌಂಡ್ ಅಂತಿದೆ. ಮೂರನೇ ಒಂದು ಭಾಗದಷ್ಟು ಯೀಲ್ಡ್! ಮತ್ತೊಮ್ಮೆ ಮಾಡಿದರೂ ಹಾಗೇ.

ಅಂದರೆ ನಿಕಲ್ ಏನೂ ಮಾಡ್ತಾನೇ ಇಲ್ವಾ? ಅಥವಾ ಮೆಟಲ್ ಇಲ್ಲದೆಯೇ ಈ ರಿಯಾಕ್ಷನ್ ನಡೀತಿದೆಯಾ? ಹಾಗಿದ್ರೆ ಅದೇ ಒಂದು ದೊಡ್ಡ ಸುದ್ದಿ ಅಲ್ವಾ? ಗೈಡ್‌ಗೆ ಇನ್ನೂ ಹೇಳಿಲ್ಲ. ಹೇಳೋ ಮೊದಲು ಅನುಭವ ಇರೋರು ದಾರಿ ತೋರಿಸಿ.

ಹಳೇ ಕಾಲಮ್

ಮೊದಲು ಒಂದು ಮಾತು: ಬ್ಲಾಂಕ್ ಹಾಕಿದ್ದೀರಲ್ಲ, ಬಹಳ ಒಳ್ಳೇದು. ಪೇಪರ್ ಕಳಿಸೋ ಮೊದಲೇ ಗೊತ್ತಾಯ್ತು. ಇವತ್ತೇ ಗೈಡ್‌ಗೆ ಹೇಳಿ, ಮುಚ್ಚಿಡೋಕೆ ಇದರಲ್ಲಿ ಏನೂ ಇಲ್ಲ.

"ಮೆಟಲ್ ಇಲ್ಲದ ಸುಜುಕಿ" ಅನ್ನೋ ಆಸೆಯನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಈ ದಾರಿಯಲ್ಲಿ ನಿಮಗಿಂತ ಮೊದಲು ಹೋದವರಿದ್ದಾರೆ. 2003ರಲ್ಲಿ ಲೆಡ್‌ಬೀಟರ್ ಅವರ ಗುಂಪು, ನೀರಿನಲ್ಲಿ ಮೈಕ್ರೋವೇವ್‌ನಿಂದ ಬಿಸಿ ಮಾಡಿ, ಯಾವ ಮೆಟಲ್ ಕೂಡ ಹಾಕದೆ ಸುಜುಕಿ ಕಪ್ಲಿಂಗ್ ಆಯ್ತು ಅಂತ ಪ್ರಕಟಿಸಿತು. ಎಲ್ಲರಿಗೂ ಆಶ್ಚರ್ಯ. ಆಮೇಲೆ ಅವರೇ ಕೂತು ಮತ್ತೆ ಒಂದೊಂದಾಗಿ ಪರೀಕ್ಷೆ ಮಾಡಿದರು. 2005ರಲ್ಲಿ ಉತ್ತರ ಬಂತು: ಅಂಗಡಿಯಿಂದ ತಂದ ಸೋಡಿಯಂ ಕಾರ್ಬೊನೇಟ್‌ನಲ್ಲಿ 50 ಪಿಪಿಬಿಯಷ್ಟು (ನೂರು ಕೋಟಿಯಲ್ಲಿ 50 ಭಾಗ) ಪಲ್ಲಾಡಿಯಂ ಇತ್ತು, ಕೆಲಸ ಮಾಡ್ತಿದ್ದದ್ದು ಅದೇ. ಅದನ್ನೂ ಅವರೇ ಪ್ರಕಟಿಸಿದರು. ನನಗೆ ಮೊದಲನೇ ಪೇಪರ್‌ಗಿಂತ ಈ ಎರಡನೇದರ ಮೇಲೆ ಗೌರವ ಜಾಸ್ತಿ.

50 ಪಿಪಿಬಿ ಅಂದ್ರೆ ಎಷ್ಟು ಕಡಿಮೆ ಅಂತ ಒಂದು ಲೆಕ್ಕ ಹಾಕಿ ನೋಡಿ. ಅರ್ಧ ಗ್ರಾಂ ಕಾರ್ಬೊನೇಟ್ ಹಾಕಿದರೆ ಅದರ ಜೊತೆ ಬರೋ ಪಲ್ಲಾಡಿಯಂ 25 ನ್ಯಾನೊಗ್ರಾಂ. ಒಂದು ಮಿಲಿಮೋಲ್ ರಿಯಾಕ್ಷನ್ ಪೂರ್ತಿ ಆಗಬೇಕಾದರೆ ಒಂದೊಂದು ಪಲ್ಲಾಡಿಯಂ ಪರಮಾಣುವೂ 40 ಲಕ್ಷಕ್ಕಿಂತ ಜಾಸ್ತಿ ಸಲ ಜೋಡಿಸೋ ಕೆಲಸದ ಸುತ್ತು ಹಾಕಬೇಕು. ಅವರದು 150 ಡಿಗ್ರಿ. ನಿಮ್ಮದು ಬರೀ 80. ಹಾಗಾಗಿ ನಿಮ್ಮ ಬ್ಲಾಂಕ್‌ನಲ್ಲಿ ಇಷ್ಟು ಯೀಲ್ಡ್ ಬರಬೇಕಾದರೆ ಪಲ್ಲಾಡಿಯಂ ಬೇಸ್‌ನಿಂದ ಮಾತ್ರ ಬಂದಿರೋದು ನನಗೆ ಅನುಮಾನ, ಇದಕ್ಕಿಂತ ಜಾಸ್ತಿ ಇರೋ ಬೇರೆ ಮೂಲ ಎಲ್ಲೋ ಇದೆ.

ನನ್ನ ಮೊದಲ ಅನುಮಾನ ಫ್ಲಾಸ್ಕ್ ಒಳಗೆ ತಿರುಗಿ ಕಲಸೋ ಮ್ಯಾಗ್ನೆಟಿಕ್ ಬೀಡ್ ಮೇಲೆ. ಹಳೇ ಬೀಡ್‌ಗಳನ್ನ ಬೆಳಕಿಗೆ ಹಿಡಿದು ನೋಡಿ, ಟೆಫ್ಲಾನ್ ಮೇಲೆ ಬೂದು ಬಣ್ಣ ಹತ್ತಿರುತ್ತೆ, ಸಣ್ಣ ಸಣ್ಣ ಗೀರುಗಳಿರುತ್ತವೆ. ಆ ಗೀರುಗಳಲ್ಲಿ ಮೆಟಲ್ ಕೂತುಬಿಡುತ್ತೆ. ಮಾಸ್ಕೋದ ಅನಾನಿಕೋವ್ ಗುಂಪು 2019ರಲ್ಲಿ ಬಳಸಿದ ಬೀಡ್‌ಗಳನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿ ಇದನ್ನ ತೋರಿಸಿತು. ತೊಳೆದು ಬಿಳಿಯಾಗಿ ಕಂಡರೂ ನಂಬೋ ಹಾಗಿಲ್ಲ. ಈ ಪ್ರಾಜೆಕ್ಟ್‌ಗೆ ಅಂತಲೇ ಹೊಸ ಬೀಡ್, ಹೊಸ ಆರ್‌ಬಿ (ದುಂಡು ತಳದ ಫ್ಲಾಸ್ಕ್), ಹೊಸ ಸ್ಪ್ಯಾಚುಲಾ ತೆಗೆದಿಡಿ. ಪಕ್ಕದವರಿಗೂ ಮುಟ್ಟಬೇಡಿ ಅಂತ ಹೇಳಿ.

ಸ್ಕೇಲಪ್

ಹಳೇ ಕಾಲಮ್ ಹೇಳಿದ್ದೆಲ್ಲ ಸರಿ. ನಾನು ಬೆಂಗಳೂರಿನಲ್ಲಿ ಪ್ರೋಸೆಸ್ ಕೆಮಿಸ್ಟ್ರಿ (ಔಷಧಿಗಳನ್ನ ದೊಡ್ಡ ಪ್ರಮಾಣದಲ್ಲಿ ತಯಾರಿಸೋ ದಾರಿ ರೂಪಿಸೋದು) ಕೆಲಸ ಮಾಡೋದು. ಪಲ್ಲಾಡಿಯಂ ಎಷ್ಟು ಹಟ ಮಾಡಿ ಅಂಟ್ಕೊಂಡಿರುತ್ತೆ ಅಂತ ನಮಗೆ ಬೇರೆ ದಿಕ್ಕಿನಿಂದ ಗೊತ್ತು. ಬಾಯಿಂದ ತಗೊಳ್ಳೋ ಔಷಧಿಯಲ್ಲಿ ದಿನಕ್ಕೆ 100 ಮೈಕ್ರೋಗ್ರಾಂ ಪಲ್ಲಾಡಿಯಂಗಿಂತ ಜಾಸ್ತಿ ಇರಬಾರದು, ಇಂಜೆಕ್ಷನ್ ಆದರೆ 10. ಅಷ್ಟಕ್ಕೆ ಇಳಿಸೋಕೆ ಚಾರ್ಕೋಲ್, ಥಯೋಲ್ ಸಿಲಿಕಾ ಅಂತ ಏನೇನೋ ಹಾಕ್ತೀವಿ. ಕಾಲಮ್ ಮಾಡಿದ್ದೀವಿ, ಎನ್‌ಎಂಆರ್ ಕ್ಲೀನ್ ಇದೆ ಅಂದ ಮಾತ್ರಕ್ಕೆ ಪಲ್ಲಾಡಿಯಂ ಹೋಗಿದೆ ಅಂತ ಅರ್ಥ ಅಲ್ಲ. ಎನ್‌ಎಂಆರ್‌ನಲ್ಲಿ ಅದು ಕಾಣೋದೇ ಇಲ್ಲ. ಅಮೈನ್, ಸಲ್ಫರ್ ಇರೋ ಕಾಂಪೌಂಡ್ ಆದರಂತೂ ಬಿಗಿಯಾಗಿ ಹಿಡ್ಕೊಂಡಿರುತ್ತೆ.

ಅದಕ್ಕೇ ಕೇಳ್ತೀನಿ: ನಿಮ್ಮ ಲಿಗ್ಯಾಂಡ್ ಅಮೈನ್ ಅಂದ್ರಿ. ಅದನ್ನ ಹೇಗೆ ಮಾಡಿದ್ರಿ? ಆ ದಾರಿಯಲ್ಲಿ ಎಲ್ಲಾದರೂ ಪಲ್ಲಾಡಿಯಂ ಸ್ಟೆಪ್ ಇತ್ತಾ? ಬ್ಲಾಂಕ್‌ನಲ್ಲಿ ನಿಕಲ್ ಮಾತ್ರ ಬಿಟ್ಟಿದ್ರಿ, ಲಿಗ್ಯಾಂಡ್ ಹಾಕಿದ್ರಿ ಅಲ್ವಾ?

2021ರಲ್ಲಿ ಆಗಿದ್ದು ಇದೇ. ಒಂದು ಅಮೈನ್ ಸುಜುಕಿ ಕಪ್ಲಿಂಗ್‌ಗೆ ಕ್ಯಾಟಲಿಸ್ಟ್ ಆಗುತ್ತೆ, ಮೆಟಲ್ ಬೇಡ ಅಂತ ನೇಚರ್ ಕ್ಯಾಟಲಿಸಿಸ್‌ನಲ್ಲಿ ಪೇಪರ್ ಬಂತು. ಬೇರೆ ಬೇರೆ ದೇಶದವರು ಅದನ್ನ ಮತ್ತೆ ಮಾಡಿ ನೋಡಿದಾಗ, ಆ ಅಮೈನನ್ನು ತಯಾರಿಸೋಕೆ ಬಳಸಿದ್ದ ಪಲ್ಲಾಡಿಯಂ ಅದರ ಜೊತೆಗೇ ಕಾಲಮ್‌ನಿಂದ ಇಳಿದು ಬರ್ತಿತ್ತು ಅಂತ ತಿಳೀತು. ಅದೇ ವರ್ಷದ ಕೊನೆಗೆ ಪೇಪರ್ ವಾಪಸ್ ತಗೊಂಡರು.

ಬಿಎಸ್ಸಿ ಕೊನೇ ಬೆಂಚು

ಮಧ್ಯೆ ಬರ್ತಿರೋದಕ್ಕೆ ಕ್ಷಮಿಸಿ. ನಮಗೆ ಸಿಲಬಸ್‌ನಲ್ಲಿ ಸುಜುಕಿ ಒಂದು ಪ್ಯಾರಾ ಇದೆ ಅಷ್ಟೇ. ಇಷ್ಟು ಕಷ್ಟ ಕೊಡೋ ಪಲ್ಲಾಡಿಯಂ ಹಿಂದೆ ಎಲ್ಲರೂ ಯಾಕೆ ಬಿದ್ದಿದ್ದಾರೆ?

ಹಳೇ ಕಾಲಮ್

@ಬಿಎಸ್ಸಿ ಕೊನೇ ಬೆಂಚು, ಕ್ಷಮೆ ಯಾಕಪ್ಪಾ, ಕೇಳಬೇಕಾದ ಪ್ರಶ್ನೆಯೇ ಇದು.

ಕಾರ್ಬನ್‌ಗೆ ಕಾರ್ಬನ್ ಜೋಡಿಸೋದು ಆರ್ಗ್ಯಾನಿಕ್ ಸಿಂಥೆಸಿಸ್‌ನ ತಿರುಳು. ಅದರಲ್ಲೂ ಎರಡು ಬೆಂಜೀನ್ ಉಂಗುರಗಳನ್ನ ಬೇಕಾದ ಜಾಗದಲ್ಲೇ ಜೋಡಿಸೋದು ಮೊದಲು ಬಹಳ ಕಷ್ಟ ಇತ್ತು. ಪಲ್ಲಾಡಿಯಂ ಮೊದಲು ಕಾರ್ಬನ್-ಬ್ರೋಮಿನ್ ಬಾಂಡ್ ಒಳಗೆ ನುಗ್ಗುತ್ತೆ, ಆಮೇಲೆ ಬೋರಾನ್ ಮೇಲಿರೋ ಗುಂಪನ್ನ ತನ್ನ ಮೇಲೆ ಎಳ್ಕೊಳ್ಳುತ್ತೆ, ಕೊನೆಗೆ ಎರಡನ್ನೂ ಒಂದಕ್ಕೊಂದು ಕಟ್ಟಿ ಕಳಿಸಿ, ತಾನು ಮೊದಲಿನ ರೂಪಕ್ಕೆ ಮರಳುತ್ತೆ. ಮತ್ತೆ ಮುಂದಿನ ಸುತ್ತು.

ಇದನ್ನ 1979ರಲ್ಲಿ ಮಾಡಿ ತೋರಿಸಿದ್ದು ಜಪಾನಿನ ಸಪ್ಪೊರೋದಲ್ಲಿರೋ ಹೊಕ್ಕೈಡೋ ವಿಶ್ವವಿದ್ಯಾಲಯದ ಅಕಿರಾ ಸುಜುಕಿ ಮತ್ತು ನೊರಿಯೊ ಮಿಯೌರಾ. ಬೋರಾನ್ ಕಾಂಪೌಂಡ್‌ಗಳು ತುಂಬಾ ಸಾಧು, ತಾವಾಗಿ ಏನೂ ಮಾಡಲ್ಲ, ಅವು ಕಪ್ಲಿಂಗ್‌ಗೆ ಉಪಯೋಗ ಇಲ್ಲ ಅನ್ನೋ ಭಾವನೆ ಆಗ ಇತ್ತು. ಇವರು ಬೇಸ್ ಹಾಕಿದರು. ಬೇಸ್ ಇದ್ದರೆ ಬೋರಾನ್ ತನ್ನ ಮೇಲಿನ ಗುಂಪನ್ನ ಪಲ್ಲಾಡಿಯಂಗೆ ಬಿಟ್ಟುಕೊಡುತ್ತೆ. ಆ ಸಾಧು ಗುಣವೇ ಈಗ ಲಾಭ ಆಯ್ತು: ಬೊರೋನಿಕ್ ಆಸಿಡ್ ಗಾಳಿಗೆ ಹಾಳಾಗಲ್ಲ, ನೀರಿಗೆ ಹೆದರಲ್ಲ, ಬಾಟಲಿಯಿಂದ ತೂಗಿ ಹಾಕಬಹುದು. ನೇಗಿಶಿ ಕಪ್ಲಿಂಗ್‌ನ ಝಿಂಕ್ ಕಾಂಪೌಂಡ್‌ಗಳಿಗೆ ಗಾಳಿ, ತೇವ ತಾಗಬಾರದು. ಸ್ಟಿಲೆ ಕಪ್ಲಿಂಗ್‌ನ ತವರದ ಕಾಂಪೌಂಡ್‌ಗಳು ವಿಷ. ಸಾಧಾರಣ ಸೌಲಭ್ಯ ಇರೋ ನಮ್ಮ ಕಾಲೇಜು ಲ್ಯಾಬ್‌ಗಳಲ್ಲೂ ಸುಜುಕಿ ಮಾಡೋಕೆ ಆಗೋದು ಇದರಿಂದಲೇ. ಸುಜುಕಿ ಇದಕ್ಕೆ ಪೇಟೆಂಟ್ ಕೂಡ ತಗೊಳ್ಳಲಿಲ್ಲ. 2010ರಲ್ಲಿ ಹೆಕ್, ನೇಗಿಶಿ, ಸುಜುಕಿ ಮೂವರಿಗೂ ನೊಬೆಲ್ ಬಂತು.

ನಿಮ್ಮ ಮನೆಯಲ್ಲಿ ಯಾರಾದರೂ ಬಿಪಿಗೆ ಲೋಸಾರ್ಟನ್ ತಗೊಳ್ತಿರಬಹುದು. ಅದರೊಳಗೆ ಹೀಗೆ ಜೋಡಿಸಿದ ಎರಡು ಉಂಗುರ ಇದೆ. 1990ರ ದಶಕದಲ್ಲಿ ಮರ್ಕ್ ಕಂಪನಿಯವರು ಪ್ರಕಟಿಸಿದ ತಯಾರಿಕೆಯ ದಾರಿಯಲ್ಲಿ ಆ ಜೋಡಣೆ ಆಗಿದ್ದು ಸುಜುಕಿ ರಿಯಾಕ್ಷನ್‌ನಿಂದಲೇ.

ಆರ್‌ಬಿ ಫ್ಲಾಸ್ಕ್

ಎಲ್ಲರಿಗೂ ಥ್ಯಾಂಕ್ಸ್. ಗೈಡ್‌ಗೆ ಹೇಳಿದೆ. ಬೈಯಲಿಲ್ಲ, "ಪೇಪರ್ ನಿಲ್ಲಿಸು, ಇದನ್ನ ಹುಡುಕು" ಅಂದರು.

@ಸ್ಕೇಲಪ್ ಸರ್, ನೀವು ಕೇಳಿದ್ದು ಸರಿಯಾದ ಜಾಗಕ್ಕೇ ತಾಗಿತು. ಸ್ಯಾಲಿಸಿಲಾಲ್ಡಿಹೈಡ್‌ನಿಂದ ಇಮೈನ್ (ಅಮೈನ್‌ಗೆ ಹಿಂದಿನ ಹಂತ) ಮಾಡಿ, ಅದನ್ನ ಪಲ್ಲಾಡಿಯಂ ಆನ್ ಕಾರ್ಬನ್ ಹಾಕಿ ಹೈಡ್ರೋಜನೇಟ್ ಮಾಡಿ ಅಮೈನ್ ಮಾಡಿದ್ದು. ಸೀಲೈಟ್‌ನಲ್ಲಿ ಫಿಲ್ಟರ್ ಮಾಡಿದ್ವಿ, ಬಂದಿದ್ದು ಬಿಳಿ ಪುಡಿ. ಯಾರಿಗೂ ಅನುಮಾನ ಬರೋ ಹಾಗಿರಲಿಲ್ಲ.

ಈಗ ಹೊಸ ಆರ್‌ಬಿ, ಹೊಸ ಬೀಡ್‌ನಲ್ಲಿ ಮಾಡಿದೆ. ನಿಕಲ್, ಲಿಗ್ಯಾಂಡ್ ಎರಡೂ ಬಿಟ್ಟರೆ ಟಿಎಲ್‌ಸಿಯಲ್ಲಿ ಸ್ಟಾರ್ಟಿಂಗ್ ಮೆಟೀರಿಯಲ್ ಬಿಟ್ಟು ಬೇರೇನೂ ಇಲ್ಲ. ಲಿಗ್ಯಾಂಡ್ ಮಾತ್ರ ಹಾಕಿದರೆ ಮತ್ತೆ ಪ್ರಾಡಕ್ಟ್ ಬರ್ತಿದೆ, ಮೊದಲಿಗಿಂತ ಸ್ವಲ್ಪ ಕಡಿಮೆ. ಮರ್ಕ್ಯುರಿ ಟೆಸ್ಟ್ ಮಾಡಿದರೆ ಖಚಿತ ಆಗುತ್ತಾ?

ಸ್ಕೇಲಪ್

ಬಹಳ ಖುಷಿ ಆಯ್ತು, ಚೆನ್ನಾಗಿ ಹುಡುಕಿದ್ದೀರಿ.

ಮರ್ಕ್ಯುರಿ ಬೇಡ. ಪಾದರಸ ಪಲ್ಲಾಡಿಯಂ ಕೆಲಸವನ್ನ ನಿಲ್ಲಿಸುತ್ತೆ, ನಿಜ. ಆದರೆ ನಿಕಲ್‌ಗೂ ತೊಂದರೆ ಕೊಡಬಲ್ಲದು. ರಿಯಾಕ್ಷನ್ ನಿಂತರೆ ಯಾವುದು ನಿಂತಿತು ಅಂತ ಹೇಗೆ ಹೇಳ್ತೀರಿ? ಸುಮ್ನೆ ವಿಷ ಮುಟ್ಟಿದ ಹಾಗೆ ಆಗುತ್ತೆ.

ಅದರ ಬದಲು ಲಿಗ್ಯಾಂಡನ್ನ ಬೇರೆ ದಾರಿಯಲ್ಲಿ ಮಾಡಿ. ಇಮೈನ್‌ಗೆ ಮೆಥನಾಲ್‌ನಲ್ಲಿ ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ಅದೇ ಅಮೈನ್ ಬರುತ್ತೆ, ಪಲ್ಲಾಡಿಯಂ ಹತ್ತಿರವೂ ಸುಳಿಯಲ್ಲ. ಅದರ ಜೊತೆ ನಿಕಲ್ ಹಾಕಿ ನೋಡಿ. ಹಳೇ ಲಿಗ್ಯಾಂಡ್, ಹೊಸ ಲಿಗ್ಯಾಂಡ್ ಎರಡನ್ನೂ ಐಸಿಪಿ-ಎಂಎಸ್‌ಗೆ (ಅತಿ ಕಡಿಮೆ ಮೆಟಲನ್ನೂ ಅಳೆಯೋ ಪರೀಕ್ಷೆ) ಕೊಡಿ. ನಿಮ್ಮಲ್ಲಿ ಇಲ್ಲದಿದ್ರೆ ಹೊರಗೆ ಸ್ಯಾಂಪಲ್ ಕಳಿಸಬಹುದು, ಆದರೆ ಐಸಿಪಿ-ಓಇಎಸ್ ಬೇಡ, ಪಿಪಿಬಿ ಮಟ್ಟಕ್ಕೆ ಎಂಎಸ್ ಬೇಕು ಅಂತ ಮೊದಲೇ ಹೇಳಿ. ನಿಕಲ್ ಸಾಲ್ಟನ್ನೂ ಕಳಿಸಿ, ಅದರಲ್ಲೂ ಬೇರೆ ಮೆಟಲ್ ಸೇರಿರಬಹುದು.

ಹಳೇ ಕಾಲಮ್

ಇನ್ನೂ ಎರಡು. ಒಂದು, ಐಸಿಪಿಯಲ್ಲಿ ಬಂದಷ್ಟೇ ಪಲ್ಲಾಡಿಯಂ ಅಸಿಟೇಟನ್ನ ಬೇಕಂತಲೇ ಹಾಕಿ, ನಿಕಲ್ ಇಲ್ಲದೆ, ಹೊಸ ಲಿಗ್ಯಾಂಡ್ ಜೊತೆ ಮಾಡಿ. ಅಷ್ಟಕ್ಕೇ ಹಳೇ ಯೀಲ್ಡ್ ಬಂದರೆ ಪ್ರಶ್ನೆ ಮುಗೀತು. ಬರದಿದ್ದರೆ ನಿಕಲ್‌ಗೂ ಅದರಲ್ಲಿ ಪಾಲಿದೆ ಅಂತ ಹೇಳೋಕೆ ನಿಮ್ಮ ಕೈಯಲ್ಲಿ ಆಧಾರ ಇರುತ್ತೆ.

ಎರಡು, ಮಾಡೆಲ್ ರಿಯಾಕ್ಷನ್ ಬದಲಿಸಿ. 4-ಬ್ರೋಮೋಅಸಿಟೋಫಿನೋನ್ ತುಂಬಾ ಸುಲಭದ್ದು. ಆ ಕೀಟೋನ್ ಗುಂಪು ಎಲೆಕ್ಟ್ರಾನ್ ಎಳ್ಕೊಳ್ಳೋದರಿಂದ ಬ್ರೋಮಿನ್ ಇರೋ ಬಾಂಡ್ ಪಲ್ಲಾಡಿಯಂ ಎದುರಿಗೆ ಬಂದ ಕೂಡಲೇ ಶರಣಾಗುತ್ತೆ, ಅದಕ್ಕೇ ಚೂರುಪಾರು ಪಲ್ಲಾಡಿಯಂ ಕೂಡ ಅಷ್ಟು ಕೆಲಸ ಮಾಡಿಬಿಡ್ತು. 4-ಕ್ಲೋರೋಅನಿಸೋಲ್ ತಗೊಳ್ಳಿ. ಕ್ಲೋರೈಡ್, ಅದರ ಮೇಲೆ ಎಲೆಕ್ಟ್ರಾನ್ ತುಂಬೋ ಮೀಥಾಕ್ಸಿ. ಫಾಸ್ಫೀನ್ ಲಿಗ್ಯಾಂಡ್ ಇಲ್ಲದೆ, ಅಷ್ಟು ಕಡಿಮೆ ಪಲ್ಲಾಡಿಯಂಗೆ, 80 ಡಿಗ್ರಿಯಲ್ಲಿ ಅದು ಬಗ್ಗೋದು ಬಹಳ ಕಷ್ಟ. ನಿಕಲ್‌ಗೆ ಕ್ಲೋರೈಡ್ ಒಳಗೆ ನುಗ್ಗೋ ಶಕ್ತಿ ಜಾಸ್ತಿ. ಹೊಸ ಲಿಗ್ಯಾಂಡ್ ಜೊತೆ ನಿಮ್ಮ ನಿಕಲ್ ಅಲ್ಲಿ ಕೆಲಸ ಮಾಡಿದರೆ, ಮೊದಲು ಬರೆಯೋಕೆ ಹೊರಟಿದ್ದಕ್ಕಿಂತ ಗಟ್ಟಿ ಪೇಪರ್ ನಿಮ್ಮದಾಗುತ್ತೆ. ಬ್ಲಾಂಕ್‌ಗಳ ಟೇಬಲನ್ನ ಪೇಪರ್ ಒಳಗೇ ಹಾಕಿ, ಸಪೋರ್ಟಿಂಗ್ ಇನ್ಫರ್ಮೇಶನ್‌ಗೆ ತಳ್ಳಬೇಡಿ.

ಆರ್‌ಬಿ ಫ್ಲಾಸ್ಕ್

ಕ್ಲೋರೋಅನಿಸೋಲ್ ಸ್ಟೋರ್‌ನಲ್ಲಿದೆ, ಬೋರೋಹೈಡ್ರೈಡ್ ರಿಡಕ್ಷನ್ ಇವತ್ತೇ ಹಾಕ್ತೀನಿ. ಐಸಿಪಿ ರಿಪೋರ್ಟ್ ಬಂದ ಮೇಲೆ ನಂಬರ್ ಇಲ್ಲೇ ಹಾಕ್ತೀನಿ.